ಸ್ಪ್ಯಾನಿಷ್ ಬೀಗಿತ್ತಿಯನ್ನು ಕೇಳಿದ ಮಳೆಯ ಪ್ರಶ್ನೆ

ಇದನ್ನು ನಾನು ಬಲಗೈಯ ತೋರುಬೆರಳೊಂದರಲ್ಲೇ ಟೈಪ್ ಮಾಡುತ್ತಿದ್ದೇನೆ. ಮೊಮ್ಮಗಳು ಫೋನಿಗೆ ಕನ್ನಡದ ಅಕ್ಷರ ಹಾಕಿಕೊಟ್ಟ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಪಕ್ಕದ ಕೋಣೆಯಲ್ಲಿರುವ ಸೊಸೆಗೂ ಟೈಪ್ ಮಾಡಿಯೇ ಕಾಫಿ ಕೇಳುತ್ತೇನೆ. ಅವಳು ಹೆಬ್ಬೆರಳಿನ ಚಿತ್ರ ಕಳಿಸುತ್ತಾಳೆ, ಕಾಫಿ ಕಳಿಸುವುದಿಲ್ಲ.

ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಹೋಂಸ್ಟೇಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮೊದಲು ಅಡಿಗೆಮನೆಯಲ್ಲಿದ್ದೆ, ಆಮೇಲೆ ಬಂದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದೆ. ಈಗ ಅಲ್ಲಿಗೆ ಸೇರಿರುವ ಹೊಸ ಹುಡುಗಿಯರು ಮೊನ್ನೆ ಮನೆಗೆ ಬಂದು, ಫಾರಿನ್‌ನವರ ಹತ್ತಿರ ಹೇಗೆ ಮಾತಾಡುವುದು ಹೇಳಿಕೊಡಿ ಎಂದರು. ಮಾತಾಡುವುದು ಆಮೇಲಿನದು, ಮೊದಲು ಕೇಳುವುದು ಕಲಿಯಿರಿ ಎಂದೆ. ಬಿಸಿನೀರು ಬೇಕಾ, ಖಾರ ಆಗುತ್ತಾ, ಜಿಗಣೆ ಕಂಡರೆ ಹೆದರಿಕೆಯಾ, ನಾಳೆ ಜೀಪು ಎಷ್ಟು ಹೊತ್ತಿಗೆ ಬರಲಿ. ನಮ್ಮ ಕೆಲಸವೆಂದರೆ ಬೆಳಗಿನಿಂದ ಸಂಜೆವರೆಗೆ ಪ್ರಶ್ನೆಗಳೇ. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಸ್ಪ್ಯಾನಿಷ್ ಪ್ರಶ್ನೆಗಳು. ಒಂದು ಪ್ರಶ್ನೆ ಕೇಳದೆ ಹೋದದ್ದಕ್ಕೆ ನನ್ನ ಕಣ್ಣೆದುರೇ ಒಂದು ಮದುವೆ ಮುರಿದು ಬೀಳುವುದರಲ್ಲಿತ್ತು. ಆ ಕಥೆಯನ್ನು ಹುಡುಗಿಯರಿಗೆ ಹೇಳಲು ಕೂತೆ, ಅಷ್ಟರಲ್ಲಿ ಅವರ ಬಸ್ಸು ಬಂತು. ಅದಕ್ಕೇ ಈ ಟೈಪಿಂಗ್.

ನಮ್ಮ ಎಸ್ಟೇಟಿಗೆ ಸ್ಪ್ಯಾನಿಷ್ ಬಂದದ್ದು ಆಲ್ವಾರೊ ಎಂಬ ಹುಡುಗನಿಂದ. ಅವನಿಗೆ ಸ್ಪೇನಿನಲ್ಲಿ ಕಾಫಿ ಹುರಿದು ಮಾರುವ ಅಂಗಡಿ ಇದೆ. ಪ್ರತಿ ಸಲ ಕೊಯ್ಲಿನ ಹೊತ್ತಿಗೆ ಬಂದು, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ನಮ್ಮ ಪಾರ್ಚ್‌ಮೆಂಟ್ ಕಾಫಿಯ ರುಚಿ ನೋಡಿ ಆರಿಸಿಕೊಂಡು ಹೋಗುತ್ತಿದ್ದ. ಅವನ ಹಿಂದೆ ಅವನ ಸ್ನೇಹಿತರು, ಗಿರಾಕಿಗಳು, ಅವರ ಚಿಕ್ಕಮ್ಮಂದಿರು ಎಲ್ಲ ಬರತೊಡಗಿದರು. ಅವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಬಾರದು. ನನಗೂ ಬಾರದು. ಹೋಂಸ್ಟೇ ನಡೆಸುವ ಪ್ರಮೀಳಮ್ಮನವರು, ಹೇಗಿದ್ದರೂ ಹೊಸದಾಗಿ ಕಲಿಯಬೇಕಲ್ಲ, ನೀನು ಇದನ್ನೇ ಕಲಿ ಎಂದುಬಿಟ್ಟರು. ಅವರು ಹೇಳಿದ ಮೇಲೆ ಮುಗಿಯಿತು.

ಮೊದಲು ನಾಲ್ಕೈದು ಪದ ಕಲಿತೆ. ಕೆ ಎಂದರೆ ಏನು, ದೋಂದೆ ಎಂದರೆ ಎಲ್ಲಿ, ಕ್ವಾಂದೊ ಎಂದರೆ ಯಾವಾಗ. ಅಷ್ಟೇ ಸಾಕು ಎಂದುಕೊಂಡು ಆಲ್ವಾರೊ ಜೀಪಿನಿಂದ ಇಳಿದ ಕೂಡಲೇ ಎದುರು ನಿಂತು ಒಂದರ ಹಿಂದೊಂದು ಎಸೆದೆ. ಏನು? ಎಲ್ಲಿ? ಯಾವಾಗ? ಅವನು ಬ್ಯಾಗು ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ನಿಂತ, ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ. ಜೀಪಿನ ನಾಗೇಶ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ.

ಅವತ್ತು ಸಂಜೆ ಆಲ್ವಾರೊ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಪಾಠ ಶುರುಮಾಡಿದ. ಪ್ರಶ್ನೆಯನ್ನು ಬಾಗಿಲು ತಟ್ಟದೆ ಒಳಗೆ ಬಿಡಬಾರದಂತೆ. ಮೊದಲು 'ಪೆರ್ದೋನೆ' ಅನ್ನಬೇಕು, ಎಂದರೆ ಕ್ಷಮಿಸಿ. ಆಮೇಲೆ 'ಪೊದ್ರೀಯಾ ದೆಸಿರ್ಮೆ', ಎಂದರೆ ನನಗೆ ಹೇಳಲು ಆಗಬಹುದಾ. ಅಷ್ಟಾದ ಮೇಲೆ ಎಲ್ಲಿ, ಯಾವಾಗ ಎಲ್ಲ. ನನಗೆ ಬಹಳ ಹಿಡಿಸಿತು. ಒಂದೊಂದು ಪ್ರಶ್ನೆಗೂ ಸೆರಗು ಹೊದಿಸಿ ಕಳಿಸಿದ ಹಾಗೆ.

ಹಿಡಿಸಿದ್ದು ಅತಿಯಾಯಿತು. ಕ್ಷಮಿಸಿ, ತಾವು ದೊಡ್ಡ ಮನಸ್ಸು ಮಾಡಿ ನಿಮಗೆ ಇನ್ನೊಂದು ಚಮಚ ಚಟ್ನಿ ಬೇಕೋ ಬೇಡವೋ ಎಂಬುದನ್ನು ನನಗೆ ತಿಳಿಸಲು ಸಾಧ್ಯವಾಗಬಹುದೇ ಎಂದು ಬೆಳಗಿನ ತಿಂಡಿಗೆ ಕೂತವರನ್ನೆಲ್ಲ ಕೇಳತೊಡಗಿದೆ. ನಾನು ಕೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ಆರಿ ಹೋಗುತ್ತಿತ್ತು. ಆಲ್ವಾರೊ ಮತ್ತೆ ಕರೆದು ಹೇಳಿದ. "ಅಜ್ಜಿ, ಕೊಟ್ಟಿಗೆ ತೊಳೆಯೋಕೆ ರೇಷ್ಮೆ ಸೀರೆ ಉಡ್ತೀರಾ?" ಇದನ್ನು ಅವನು ಕನ್ನಡದಲ್ಲೇ ಹೇಳಿದ. ಯಾರೋ ಅವನಿಗೆ ಕನ್ನಡ ಕಲಿಸುತ್ತಿದ್ದಾರೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಚಟ್ನಿಗೆ 'ಲೆ ಪೊಂಗೊ ಮಾಸ್' ಎಂದರೆ ಸಾಕಂತೆ. ಇನ್ನೊಂಚೂರು ಹಾಕ್ಲಾ, ಅಷ್ಟೇ. ನಾವು ಹುಟ್ಟಿದಾಗಿನಿಂದ ಕೇಳುವುದೂ ಹಾಗೇ ತಾನೆ.

ಆದರೆ ಉತ್ತರದಲ್ಲಿ ನಮಗೂ ಅವರಿಗೂ ಅಜಗಜಾಂತರ. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಮರ್ಯಾದೆಗೆ, ಎರಡನೆಯ ಸಲ ಸಂಕೋಚಕ್ಕೆ, ಮೂರನೆಯ ಸಲಕ್ಕೆ ತಟ್ಟೆ ಮುಂದೆ ಬರುತ್ತದೆ. ಇದೇ ಲೆಕ್ಕದಲ್ಲಿ ನಾನು ಒಬ್ಬ ಸ್ಪ್ಯಾನಿಷ್ ಯಜಮಾನರಿಗೆ, ಅವರು ಬೇಡ ಬೇಡ ಎಂದ ಹಾಗೆಲ್ಲ ಕಡುಬು ಹಾಕುತ್ತಲೇ ಹೋದೆ. ಪಾಪ, ಅವರು ಮರ್ಯಾದಸ್ಥರು, ಎಲ್ಲವನ್ನೂ ತಿಂದರು. ಮಾರನೆಯ ದಿನ ಎಲ್ಲರೂ ಬಾಬಾಬುಡನ್‌ಗಿರಿ ನೋಡಲು ಹೋದಾಗ ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಪ್ರಮೀಳಮ್ಮನವರು ನನ್ನನ್ನು ಒಳಗೆ ಕರೆದರು. "ಅವ್ರಲ್ಲಿ ಬೇಡ ಅಂದ್ರೆ ಬೇಡ ಮಾರಾಯ್ತಿ. ಇನ್ನು ಮೇಲೆ ಒಂದೇ ಸಲ ಕೇಳು, ಬಾಯಿ ಮುಚ್ಚು."

ಅವರು ಹಾಗೇ. ಬೈಯುವುದಾದರೆ ಒಂದೇ ಸಾಲು, ಹೊಗಳುವುದಾದರೆ ಅದೂ ಇಲ್ಲ. ಆದರೆ ಯಾರೋ ಬಂದು, ಇನ್ನು ಇವರೆಲ್ಲ ಯಾಕೆ, ಫೋನೇ ಎಲ್ಲ ಭಾಷೆಗೂ ತಿರುಗಿಸುತ್ತದೆ ಎಂದಾಗ, ಫೋನು ಪ್ರಶ್ನೆ ಕೇಳಿದರೆ ಬ್ಯಾಂಕಿನ ಮೆಸೇಜು ಬಂದ ಹಾಗಿರುತ್ತದೆ ಎಂದು ಅವರೇ ಅಂದರು. ನನಗೆ ಅಷ್ಟು ಸಾಕಾಯಿತು.

ಈಗ ಮದುವೆಯ ವಿಷಯ.

ಆಲ್ವಾರೊಗೆ ಕನ್ನಡ ಕಲಿಸುತ್ತಿದ್ದವಳು ಸಿಂಚನ. ನಮ್ಮ ಎಸ್ಟೇಟಿನಲ್ಲಿ ಕಾಫಿಯ ರುಚಿ ನೋಡಿ ಗುಣ ಹೇಳುವ ಕೆಲಸ ಅವಳದು. ಅವಳು ಚಮಚದಲ್ಲಿ ಕಾಫಿ ಹೀರುವ ಸದ್ದು ಅಡಿಗೆಮನೆವರೆಗೂ ಕೇಳುತ್ತಿತ್ತು. ಅವಳ ಮಧ್ಯಾಹ್ನದ ಊಟ ನನ್ನ ಕೈಯದೇ, ಹಾಗಾಗಿ ನನಗೆ ಮಗಳಿದ್ದ ಹಾಗೆ. ತಂದೆ ಇಲ್ಲ. ತಾತ ತಿಮ್ಮೇಗೌಡರೇ ಬೆಳೆಸಿದ್ದು. ಅವರದು ಸಣ್ಣ ತೋಟ, ಗುಡ್ಡದ ಆ ಬದಿಗೆ. ಅವಳೂ ಆಲ್ವಾರೊನೂ ಒಂದೇ ಲೋಟದ ಕಾಫಿಯನ್ನು ಹೀರಿ ಹೀರಿ ರುಚಿ ನೋಡುತ್ತಿದ್ದುದನ್ನು ಎಲ್ಲರೂ ಕೆಲಸ ಎಂದುಕೊಂಡಿದ್ದೆವು. ಒಂದು ದಿನ ಸಿಂಚನ ನನ್ನ ಹತ್ತಿರ ಬಂದು, ತಾತನಿಗೆ ನೀವೇ ಹೇಳಬೇಕು ಎಂದಳು.

ಹೇಳಿದೆ. ಗೌಡರು ಬಹಳ ಹೊತ್ತು ಎಲೆ ಅಡಿಕೆ ಜಗಿದರು. ಆಮೇಲೆ, ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ, ಆದರೆ ಕೇಳಬೇಕಾದ್ದನ್ನು ಕೇಳಬೇಕಲ್ಲ ಎಂದರು. ಕೇಳಬೇಕಾದ್ದನ್ನೆಲ್ಲ ಸಿಂಚನಳ ತಾಯಿ ಸುಜಾತ ಒಲೆಯ ಮುಂದೆ ಕೂತು ನನ್ನ ಕಿವಿಯಲ್ಲಿ ಹೇಳಿದಳು. ಸಂಪಾದನೆ ಎಷ್ಟು, ಮೊದಲೇ ಮದುವೆ ಆಗಿದೆಯಾ, ಕುಡಿಯುತ್ತಾನಾ, ಮನೆತನದಲ್ಲಿ ಕಾಯಿಲೆ ಕಸಾಲೆ ಇದೆಯಾ. ಇವನ್ನೆಲ್ಲ ಸ್ಪ್ಯಾನಿಷ್‌ನವರನ್ನು ನೇರವಾಗಿ ಕೇಳಿದರೆ ಎದ್ದು ಹೋಗುತ್ತಾರೆ. ಆದರೆ ಅದಕ್ಕೂ ಅವರಲ್ಲೊಂದು ಮಾತಿದೆ, 'ಪೆರ್ದೋನೆ ಲಾ ಇಂದಿಸ್ಕ್ರೆಸಿಯೋನ್'. ಮೂಗು ತೂರಿಸುತ್ತಿದ್ದೇನೆ, ಕ್ಷಮಿಸಿ ಎಂದರ್ಥ. ಅದನ್ನು ಮುಂದಿಟ್ಟರೆ ಮೂಗನ್ನು ಎಷ್ಟು ದೂರ ಬೇಕಾದರೂ ತೂರಿಸಬಹುದು. ಕಾಫಿ ಕಣದಲ್ಲಿ ಆಲ್ವಾರೊ ಜೊತೆ ಓಡಾಡುತ್ತ ಒಂದೊಂದಾಗಿ ಕೇಳಿದೆ. ಅವನು ನಗುತ್ತ, ಕೆಂಪಾಗುತ್ತ ಎಲ್ಲದಕ್ಕೂ ಉತ್ತರ ಕೊಟ್ಟ. ಊಟದ ಜೊತೆ ಒಂದು ಲೋಟ ವೈನ್ ಕುಡಿಯುತ್ತಾನಂತೆ. ನಾನು ಗೌಡರಿಗೆ, ಊಟದ ಜೊತೆ ದ್ರಾಕ್ಷಿ ರಸ ತಗೊಳ್ತಾನೆ ಅಂತ ಹೇಳಿದೆ.

ಗೌಡರು ನನ್ನ ಮುಖ ನೋಡಿದರು. "ಹುಳಿ ಬಂದದ್ದಾ?"

"ಸ್ವಲ್ಪ."

"ಸರಿ ಬಿಡು. ನಾವೇನು ಕಂಡಿಲ್ವಾ."

ಉಳಿದದ್ದು ಹುಡುಗನ ತಾಯಿ ಬಂದು ಮಾತಾಡುವುದು. ಎಂಕಾರ್ನ ಎಂದು ಅವರ ಹೆಸರು. ಸ್ಪೇನಿನ ದಕ್ಷಿಣದ ಯಾವುದೋ ಹಳ್ಳಿಯವರು, ಆಲಿವ್ ಬೆಳೆಯುವವರು. ನೆಲ್ಲಿಕಾಯಿಯಂಥ ಕಾಯಿ, ಹಿಂಡಿ ಎಣ್ಣೆ ತೆಗೆಯುತ್ತಾರೆ. ನಮ್ಮ ಕಾಫಿ ಕೊಯ್ಲಿನ ಹೊತ್ತಿಗೇ ಅವರ ಆಲಿವ್ ಕೊಯ್ಲು. ಗಂಡನನ್ನು ಕೊಯ್ಲಿಗೆ ಬಿಟ್ಟು ಅವರೊಬ್ಬರೇ ವಿಮಾನ ಹತ್ತಿ ಬಂದಿದ್ದರು. ಅಮ್ಮ ಒಪ್ಪದೆ ತಾನು ಮದುವೆ ಆಗುವುದಿಲ್ಲ ಎಂದು ಆಲ್ವಾರೊ ಮೊದಲೇ ಹೇಳಿದ್ದ. ತಾತ ಒಪ್ಪದೆ ಆಗುವುದಿಲ್ಲ ಎಂದು ಸಿಂಚನಳೂ ಹೇಳಿದ್ದಳು. ನಡುವೆ ಮಾತು ದಾಟಿಸುವವಳು ನಾನು, ಯಾಕೆಂದರೆ ಹುಡುಗಿ ಒಳಗೆ ಕೂರಬೇಕು, ಹುಡುಗನ ಕನ್ನಡ ಇನ್ನೂ ತೊಟ್ಟಿಲಲ್ಲಿತ್ತು.

ಅವತ್ತು ನನಗೆ ಎಷ್ಟು ಉತ್ಸಾಹವಿತ್ತೆಂದರೆ, ಗೌಡರ ಮನೆಗೆ ಏರುವ ತಿರುವುಗಳಲ್ಲೆಲ್ಲ ನಾಗೇಶನಿಗೆ ಸ್ಪ್ಯಾನಿಷ್‌ನಲ್ಲೇ ದಾರಿ ಹೇಳಿದೆ. ಅವನು ತನಗೆ ಗೊತ್ತಿದ್ದ ದಾರಿಯಲ್ಲೇ ಹೋದ.

ಗೌಡರ ಮನೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಕಡುಬು, ಕೋಳಿ ಸಾರು, ಏಲಕ್ಕಿ ಹಾಕಿದ ಪಾಯಸ. ಎಂಕಾರ್ನ ತಮ್ಮ ತೋಟದ ಎಣ್ಣೆಯ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಗೌಡರೂ ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಮುಂದಿಟ್ಟರು. ಆಮೇಲೆ ಆಕೆ ಶುರುಮಾಡಿದರು. ಈ ಮನೆ ಯಾರು ಕಟ್ಟಿದ್ದು, ಸಿಂಚನ ಚಿಕ್ಕವಳಿದ್ದಾಗ ತುಂಟಿಯಾ, ಈ ಮೆಣಸಿನ ಬಳ್ಳಿ ಮರಕ್ಕೆ ತೊಂದರೆ ಕೊಡುವುದಿಲ್ಲವಾ, ಗೌಡರ ಮಂಡಿಗೆ ಏನಾಗಿದೆ. ಒಂದೊಂದನ್ನೂ ನಾನು ಕನ್ನಡಕ್ಕೆ ತಂದೆ. ಗೌಡರು ತಲೆ ತಗ್ಗಿಸಿ ಹ್ಞೂಂ ಎಂದರು, ಹೌದು ಎಂದರು, ದೇವರ ದಯ ಎಂದರು. ಸುಜಾತ ಬಾಗಿಲ ಮರೆಯಿಂದ ಅಷ್ಟೂ ಹೇಳಲಿಲ್ಲ. ಗಂಡಿನ ತಾಯಿಯ ಎದುರು ಹಾಗೇ ಇರಬೇಕು. ನಮ್ಮ ಮನೆಗಳಲ್ಲಿ ಬೀಗಿತ್ತಿಯನ್ನು ಕೂರಿಸಿ, ಉಣಿಸಿ, ಹೂವು ಕೊಡುತ್ತೇವೆ. ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ವಿಚಾರಣೆ ಮಾಡಿದ ಹಾಗೆ.

ಊಟ ಮುಗಿಯುವ ಹೊತ್ತಿಗೆ ಆಕೆಯ ಮಾತು ಕಡಿಮೆಯಾಯಿತು. ಪಾಯಸದ ಹೊತ್ತಿಗೆ ನಿಂತೇ ಹೋಯಿತು. ಕೈ ತೊಳೆದು ಮಗನನ್ನು ಕರೆದುಕೊಂಡು ಕಣಕ್ಕೆ ಇಳಿದರು. ನಾನು ನೀರಿನ ಚೊಂಬು ಹಿಡಿದು ಹಿಂದೆಯೇ ಹೋದವಳು ಮೆಟ್ಟಿಲ ಮೇಲೆ ನಿಂತೆ. ಆಕೆ ಬೇಗ ಬೇಗ ಮಾತಾಡುತ್ತಿದ್ದರು, ಆದರೂ ಒಂದು ಸಾಲು ನನಗೆ ಸ್ಪಷ್ಟವಾಗಿ ಕೇಳಿತು.

"ನೊ ಮೆ ಆನ್ ಪ್ರೆಗುಂತಾದೊ ನಾದಾ."

ನನ್ನನ್ನು ಇವರು ಏನೂ ಕೇಳಲಿಲ್ಲ. ಅದರ ಹಿಂದೆ ಉಳಿದದ್ದೂ ಬಂತು. ಕೊಯ್ಲು ಬಿಟ್ಟು ಇಷ್ಟು ದೂರ ಬಂದೆ, ಪ್ರಯಾಣ ಹೇಗಾಯಿತು ಎಂದು ಕೇಳಲಿಲ್ಲ, ನಿನ್ನ ಅಪ್ಪ ಹೇಗಿದ್ದಾರೆ ಎಂದು ಕೇಳಲಿಲ್ಲ, ನಾವು ಯಾರು ಎಂದೇ ಇವರಿಗೆ ಬೇಕಾಗಿಲ್ಲ. ಬೇಕಾಗಿಲ್ಲದ ಮನೆಗೆ ನಾನು ಮಗನನ್ನು ಕೊಡುವುದಿಲ್ಲ. ನಾಳೆ ಹೊರಡೋಣ. ಆಲ್ವಾರೊ ಏನೋ ಹೇಳಲು ಹೋದ, ಆಕೆ ಕೈ ಅಡ್ಡ ಹಿಡಿದರು. ಅವನ ಮುಖ ಸುಣ್ಣದ ಹಾಗಾಯಿತು.

ನಾನು ಚೊಂಬನ್ನು ಮೆಟ್ಟಿಲ ಮೇಲೇ ಇಟ್ಟು ಒಳಗೆ ಓಡಿದೆ. ಒಳಗೆ ಗೌಡರು ಕುರ್ಚಿಯಲ್ಲಿ ಒರಗಿ ಸಂತೋಷವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಂಥ ಗಂಭೀರ ಹೆಂಗಸು, ನಾವೂ ಒಂದು ಮಾತು ಕೇಳಿ ಮುಜುಗರ ಮಾಡಲಿಲ್ಲ ನೋಡು ಎಂದರು. ಸಿಂಚನ ಅಡಿಗೆಮನೆಯ ಬಾಗಿಲಲ್ಲಿ ನನ್ನ ಮುಖ ನೋಡಿದವಳೇ ಕೈಯಲ್ಲಿದ್ದ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗೌಡ್ರೇ, ಅವ್ರನ್ನ ಏನಾದ್ರೂ ಕೇಳಿ. ಈಗ್ಲೇ ಕೇಳಿ," ಎಂದೆ.

"ಎಂತ ಕೇಳೋದು?"

"ಏನಾದ್ರೂ. ಕೇಳದೆ ಇದ್ದದ್ದಕ್ಕೇ ಅವ್ರು ಎದ್ದು ಹೊರಟಿದ್ದಾರೆ. ಅವ್ರಲ್ಲಿ ಕೇಳದೆ ಇದ್ರೆ ನೀವು ನಮಗೆ ಬೇಡ ಅಂತ."

ಗೌಡರ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಅವರು ನಿಜವಾಗಿ ಯೋಚಿಸಿದರು, ನಾನು ಕಣ್ಣಾರೆ ಕಂಡೆ. ವಯಸ್ಸು ಕೇಳುವ ಹಾಗಿಲ್ಲ. ಗಂಡನ ವಿಷಯ ನಾವಾಗಿ ಎತ್ತುವ ಹಾಗಿಲ್ಲ. ಆಸ್ತಿ ಕೇಳಿದರೆ ಆಸೆಬುರುಕರು ಎಂದುಕೊಳ್ಳುತ್ತಾರೆ. ಎಷ್ಟು ಮಕ್ಕಳು ಎಂದರೆ ಕಣ್ಣು ಬೀಳುತ್ತದೆ. ಎಲ್ಲಿಗೆ ಹೊರಟಿರಿ ಎಂದು ಹೊರಟವರನ್ನು ಕೇಳಲೇಬಾರದು.

"ಬೀಗಿತ್ತೀನ ಕೇಳೋ ಅಂಥದ್ದು ಎಂತದೂ ಇಲ್ಲ ಮಾರಾಯ್ತಿ," ಎಂದರು. ಆ ದನಿಯಲ್ಲಿ ಹಟವಿರಲಿಲ್ಲ, ದಾರಿ ತಪ್ಪಿದವರ ದನಿ ಅದು. "ಮರ್ಯಾದೆ ಬಿಟ್ಟು ಕೇಳ್ಲಾ?"

ಕಣದಿಂದ ಜೀಪಿನ ಬಾಗಿಲು ತೆಗೆದ ಸದ್ದು ಬಂತು. ನಾನು ಗೌಡರ ಕುರ್ಚಿಯ ಹತ್ತಿರ ಬಂದೆ. "ನೀವು ಕಳಸದ ಪೇಟೇಲಿ ಗುರುತು ಪರಿಚಯ ಇಲ್ಲದೋರು ಪಕ್ಕ ಕೂತ್ರೆ ಎಂತ ಕೇಳ್ತೀರಿ?"

"ನಿಮ್ಮ ಕಡೆ ಮಳೆ ಹೇಗೆ ಅಂತ ಕೇಳ್ತೀನಿ. ಮತ್ತೆಂತ?"

"ಅದನ್ನೇ ಕೇಳಿ."

ಗೌಡರು ಎದ್ದರು. ಮಂಡಿ ನೋವು ಎಲ್ಲಿ ಹೋಯಿತೋ, ನನಗಿಂತ ಮುಂದೆ ಮೆಟ್ಟಿಲಿಳಿದು, ಹರಡಿದ ಪಾರ್ಚ್‌ಮೆಂಟನ್ನು ತುಳಿಯದ ಹಾಗೆ ಅಂಚಿನಲ್ಲೇ ನಡೆದು, ಎಂಕಾರ್ನ ಎದುರು ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಮ್ಮ, ನಿಮ್ಮ ಕಡೆ ಈ ಸಲ ಮಳೆ ಹೇಗೆ?"

ಈಗ ನನ್ನ ಸರದಿ. ಹುಡುಗಿಯರೇ, ಇದನ್ನು ಗಮನವಿಟ್ಟು ಓದಿ. ನನಗೆ ಗೊತ್ತಿದ್ದ ಸೆರಗುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಕ್ಷಮಿಸಿ, ದೊಡ್ಡ ಮನಸ್ಸು ಮಾಡಿ, ಹೇಳಲು ಆಗಬಹುದಾ. ಯಾವುದನ್ನೂ ಹಾಕಲಿಲ್ಲ. ಗೌಡರು ಕೇಳಿದ್ದರಲ್ಲಿ ಅವು ಇರಲಿಲ್ಲ. ಹಳೆಯ ಪರಿಚಯದವರನ್ನು ಕೇಳುವ ಹಾಗೆ, ಅವರು ಕೇಳಿದ ದನಿಯಲ್ಲೇ ಕೇಳಿದೆ.

"ಕೆ ತಾಲ್ ಆ ಯೊವೀದೊ ಎಸ್ತೆ ಆನ್ಯೊ ಪೊರ್ ಸು ತಿಯೆರ್ರಾ?"

ಎಂಕಾರ್ನ ಜೀಪಿನ ಬಾಗಿಲ ಮೇಲಿದ್ದ ಕೈ ತೆಗೆದರು. ಗೌಡರನ್ನು ನೋಡಿದರು, ಅವರ ಕೈಯ ಟವೆಲ್ ನೋಡಿದರು. ಮಳೆಯಾ ಎಂದರು, ಮೆಲ್ಲಗೆ. ಆಮೇಲೆ ಕಣದ ಅಂಚಿನ ಕಟ್ಟೆಯ ಮೇಲೆ ಕೂತೇಬಿಟ್ಟರು.

ಮಳೆ ಎಲ್ಲಿದೆ ಎಂದರು. ಬರಬೇಕಾದಾಗ ಬರಲಿಲ್ಲ, ಕಾಯಿ ಮೆಣಸಿನ ಕಾಳಿನಷ್ಟಕ್ಕೇ ನಿಂತುಹೋಯಿತು, ಗಂಡ ಒಬ್ಬನೇ ಮರದ ಕೆಳಗೆ ಬಲೆ ಹಾಸಿ ಉದುರಿಸುತ್ತಿದ್ದಾನೆ, ದಿನಾ ಸಂಜೆ ಫೋನು ಮಾಡಿದಾಗ ಮೊದಲು ಆಕಾಶದ ಸುದ್ದಿ, ಆಮೇಲೆ ಮಗನ ಸುದ್ದಿ. ನಾನು ದಾಟಿಸುತ್ತ ಹೋದೆ. ಗೌಡರೂ ಕಟ್ಟೆಯ ಇನ್ನೊಂದು ಕಡೆ ಕೂತರು. ನಮಗೆ ಉಲ್ಟಾ ಅಮ್ಮ, ಕೊಯ್ಲಿನ ಹೊತ್ತಿಗೆ ಸುರಿದು ಹಣ್ಣೆಲ್ಲ ಉದುರಿಹೋಯಿತು ಎಂದರು. ಆಮೇಲೆ ಅವರನ್ನು ಹಿಡಿಯಲಾಗಲಿಲ್ಲ. ಆ ಮರಕ್ಕೂ ನಮ್ಮ ಕಾಫಿಗೆ ಬೇಕಾದ ಹಾಗೆ ಹೂಮಳೆ ಬೇಕಾ? ನೆರಳಿಗೆ ಮರ ಬಿಡುತ್ತೀರಾ? ಕೊಯ್ಯುವುದಕ್ಕೆ ಆಳು ಸಿಗುತ್ತಾರಾ? ಹಂದಿ ಕಾಟ ಇದೆಯಾ? ನಿಮ್ಮ ಯಜಮಾನರಿಗೆ ಮಂಡಿ ನೋವು ಇದೆಯಾ? ಕೊನೆಯದನ್ನು ಕೇಳಿದ್ದು ತಾವೇ ಎಂದು ಅವರಿಗೇ ಗೊತ್ತಾಗಲಿಲ್ಲ. ಇದೆ, ಎರಡೂ ಮಂಡಿ ಎಂದರು ಎಂಕಾರ್ನ, ನಕ್ಕು. ಹಂದಿ ಕಾಟವೂ ಇತ್ತು. ನನ್ನ ಗಂಟಲು ಒಣಗಿ, ಮೆಟ್ಟಿಲ ಮೇಲಿನ ಚೊಂಬಿನ ನೀರನ್ನು ನಾನೇ ಕುಡಿದೆ. ಆಲ್ವಾರೊ ಜೀಪಿಗೆ ಒರಗಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ನಾಗೇಶ ಅವನ ಬೆನ್ನ ಮೇಲೆ ಒಂದು ಗುದ್ದು ಹಾಕಿದ.

ಬಿಸಿಲು ಇಳಿದು ಕಣದ ಪಾರ್ಚ್‌ಮೆಂಟನ್ನು ಗುಡ್ಡೆ ಮಾಡುವ ಹೊತ್ತಾದಾಗ ಎಂಕಾರ್ನ ತಮ್ಮ ಪ್ರಶ್ನೆ ಕೇಳಿದರು. ಹಾಗಾದರೆ ಮದುವೆ ಯಾವಾಗ? ಗೌಡರು ಅದಕ್ಕೆ ಉತ್ತರ ಕೊಡಲಿಲ್ಲ. ಮನೆಯ ಕಡೆ ತಿರುಗಿ, ಎಲ್ಲರಿಗೂ ಬೆಲ್ಲದ ಕಾಫಿ ತನ್ನಿ, ಸಿಂಚನಳ ಕೈಯಲ್ಲೇ ಕಳಿಸಿ ಎಂದರು. ಎಂಕಾರ್ನ ಗಾಬರಿಯಿಂದ ನನ್ನನ್ನು ನೋಡಿದರು, ಮತ್ತೆ ಮಾತು ತೇಲಿಸಿದರಾ ಎಂದು. ನಾನು ಅವರ ಕಿವಿಯಲ್ಲಿ ಹೇಳಿದೆ, ಇದೇ ಹೌದು ಎಂದು ಹೇಳುವುದು, ಹುಡುಗಿಯ ಕೈಯಿಂದ ಸಿಹಿ ಕೊಡಿಸಿದರೆ ಆಯಿತು. ಆಕೆ ಲೋಟ ತೆಗೆದುಕೊಂಡು ಸಿಂಚನಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಕಾಫಿ ಮುಗಿದ ಮೇಲೆ ಇನ್ನೊಂಚೂರು ಹಾಕ್ಲಾ ಎಂದು ಕೇಳಿದೆ, ಬೇಡ ಎಂದರು. ನಾನು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಲೋಟ ಮುಂದೆ ಹಿಡಿದರು. ನಮ್ಮವರೇ ಆಗಿಬಿಟ್ಟರು ಎಂದುಕೊಂಡೆ.

ಹೊರನಾಡಿನ ದೇವಸ್ಥಾನದಲ್ಲಿ ಮದುವೆಯಾಯಿತು. ಅದರ ವಿಷಯ ಬರೆಯುವುದಿಲ್ಲ, ಫೋಟೋ ಎಲ್ಲರ ಫೋನಿನಲ್ಲೂ ಇದೆ, ನಾನು ಪ್ರತಿಯೊಂದರಲ್ಲೂ ಮಧ್ಯದಲ್ಲಿ ನಿಂತಿದ್ದೇನೆ. ಅದಾದ ಮೇಲೆ ಪ್ರಮೀಳಮ್ಮನವರು, ಇನ್ನು ಸಾಕು, ಮನೆಯಲ್ಲಿ ಕೂತು ವಿಶ್ರಾಂತಿ ತಗೋ ಎಂದು ಬೀಳ್ಕೊಟ್ಟರು. ವಿಶ್ರಾಂತಿ ಎಲ್ಲಿ ಸಿಕ್ಕಿತು? ಬೀಗಿತ್ತಿಯನ್ನು ಅದು ಕೇಳು, ಇದು ಕೇಳು ಎಂದು ಗೌಡರು ಫೋನು ಬಿಡಲಿಲ್ಲ.

ಇವತ್ತು ಬೆಳಿಗ್ಗೆಯೂ, ಇದನ್ನು ಟೈಪ್ ಮಾಡುತ್ತಿದ್ದಾಗಲೇ ಅವರ ಫೋನು. ಅಲ್ಲಿ ಮೋಡ ಆಗಿದೆ ಎಂದು ಈಗ ಸ್ಪೇನಿನಲ್ಲಿ ಅತ್ತೆಯ ಹತ್ತಿರವಿರುವ ಸಿಂಚನ ಹೇಳಿದಳಂತೆ, ಬೀಗಿತ್ತಿಯನ್ನು ಕೇಳಿ ನೋಡು ಎಂದರು. ಮೊದಲ ಸಲ ನನ್ನ ಬೆರಳಲ್ಲೇ, ಸ್ಪ್ಯಾನಿಷ್ ಅನ್ನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದೆ. ಸಿಂಚನ ಓದಿ ಹೇಳಿರಬೇಕು, ಉತ್ತರ ಬಂತು. ಮಳೆ ಬಂತಂತೆ. ರಾತ್ರಿಯಿಡೀ ಸುರಿದಿದೆಯಂತೆ. ಗೌಡರಿಗೆ ಹೇಳಿದೆ. ತಮ್ಮ ತೋಟಕ್ಕೇ ಬಂದಷ್ಟು ಸಮಾಧಾನ ಅವರಿಗೆ.

"ಎಷ್ಟು ಸೆಂಟ್ಸ್ ಮಳೆ ಆಯ್ತು ಅಂತ ಕೇಳು ಮಾರಾಯ್ತಿ," ಎಂದರು ಆಮೇಲೆ. "ಪೆರ್ದೋನೆ ಹಾಕಿ ಕೇಳು."